ಡಾ. ಮಹಾಲನೋಬಿಸರಿಗೆ ನಮ್ಮ ಗೌರವ

2023ರಲ್ಲಿ ಭಾರತ ಸರ್ಕಾರವು ಡಾ. ದಿಲೀಪ್ ಮಹಾಲನೋಬಿಸರಿಗೆ ಪದ್ಮವಿಭೂಷಣ ಪ್ರಶಸ್ತಿಯನ್ನು ಘೋಷಿಸಿದಾಗ ಅವರು ಬದುಕಿರಲಿಲ್ಲ. ಹಿಂದಿನ ಅಕ್ಟೋಬರಿನಲ್ಲಿಯೇ ಕೋಲ್ಕತ್ತದಲ್ಲಿ ತೀರಿಕೊಂಡಿದ್ದರು. ಇಂದಿಗೂ ಆ ಹೆಸರನ್ನೆತ್ತಿದರೆ, ಸಂಖ್ಯಾಶಾಸ್ತ್ರದ ಮಹಾಲನೋಬಿಸರೇ ಎಂದು ಕೇಳುವ ವಿದ್ಯಾವಂತರೇ ಹೆಚ್ಚು. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲು ನೆಟ್ಟ ನಾಡು ನಮ್ಮದು. ಆದರೆ ಬರಬಹುದಾಗಿದ್ದ ಸಾವನ್ನು ಬಾರದಂತೆ ತಡೆದವನನ್ನು ಹೊಗಳುವ ರೂಢಿ ನಮಗಿಲ್ಲ. ಉಳಿದ ಮಗುವಿಗೆ ತಾನು ಉಳಿಸಲ್ಪಟ್ಟೆನೆಂಬುದೇ ತಿಳಿಯದು. ತಿಳಿಯದವರು ಯಾರನ್ನು ನೆನೆದಾರು?

1971ರಲ್ಲಿ ಪೂರ್ವ ಬಂಗಾಳದಿಂದ ಲಕ್ಷಾಂತರ ನಿರಾಶ್ರಿತರು ಗಡಿ ದಾಟಿ ಬಂದರು. ಅವರ ಬೆನ್ನಿಗೇ ಕಾಲರಾ ಬಂದಿತು. ಬನಗಾಂವ್ ಆಸ್ಪತ್ರೆಯ ಎರಡು ಕೋಣೆಗಳ ನೆಲದ ತುಂಬ ರೋಗಿಗಳು. ವಾಂತಿಭೇದಿಯ ಹೊಲಸಿನಲ್ಲಿಯೇ ಮಂಡಿಯೂರಿ ಅವರ ರಕ್ತನಾಳಕ್ಕೆ ಸಲೈನ್ ಹತ್ತಿಸಬೇಕಾಗಿತ್ತು. ಸಲೈನಾದರೋ ಮುಗಿಯುತ್ತ ಬಂದಿತ್ತು, ಹತ್ತಿಸಬಲ್ಲವರೂ ಕೆಲವರೇ. ಆಗ ಮಹಾಲನೋಬಿಸರು ಒಂದು ಲೀಟರು ನೀರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡ ಬೆರೆಸಿ ಕುಡಿಸುವುದೆಂದು ನಿಶ್ಚಯಿಸಿದರು. ಗ್ಲೂಕೋಸಿನ ಜೊತೆಗೂಡಿದರೆ ರೋಗಿಯ ಕರುಳೂ ಉಪ್ಪುನೀರನ್ನು ಹೀರಬಲ್ಲದೆಂಬುದು ಅವರು ಕಂಡುಹಿಡಿದದ್ದಲ್ಲ; ಢಾಕಾದಲ್ಲಿ ಡೇವಿಡ್ ನಲಿನ್, ರಿಚರ್ಡ್ ಕ್ಯಾಶ್ ಮೊದಲಾದವರು ಅದನ್ನು 1968ರಲ್ಲಿಯೇ ರೋಗಿಗಳಲ್ಲಿ ತೋರಿಸಿದ್ದರು. ಆದರೆ ಅದು ನುರಿತ ವೈದ್ಯರ ಕಣ್ಗಾವಲಿನಲ್ಲಿ ನಡೆದುದು. ಮಹಾಲನೋಬಿಸರಾದರೋ ಪುಡಿಯನ್ನು ಕೋಲ್ಕತ್ತದಲ್ಲಿ ತೂಗಿಸಿ, ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿಸಿ, ಬಾಯನ್ನು ಇಸ್ತ್ರಿಪೆಟ್ಟಿಗೆಯಿಂದ ಮುಚ್ಚಿಸಿ ಶಿಬಿರಕ್ಕೆ ತರಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ತಾಯಂದಿರಿಗೆ, ಅಕ್ಕತಂಗಿಯರಿಗೆ ಒಪ್ಪಿಸಿದರು. ನೂರಕ್ಕೆ 30ರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು.

ಆ ಮಹನೀಯರ ದೊಡ್ಡಸ್ತಿಕೆಯನ್ನು ನಾನು ಕಾಣುವುದು ಈ ಒಪ್ಪಿಸುವಿಕೆಯಲ್ಲಿ. ತನ್ನ ಕೈಯಲ್ಲಿರುವ ವಿದ್ಯೆಯನ್ನು ಅಕ್ಷರವರಿಯದ ಹೆಂಗಸಿನ ಕೈಗಿತ್ತು ಪಕ್ಕಕ್ಕೆ ಸರಿದು ನಿಲ್ಲುವುದು ಯಾವ ವಿದ್ವಾಂಸನಿಗೂ ಸುಲಭವಲ್ಲ. ನಮ್ಮ ಪಂಡಿತವರ್ಗಕ್ಕಂತೂ ಅಲ್ಲವೇ ಅಲ್ಲ. ಪ್ರಯೋಗ ಕೆಟ್ಟಿದ್ದರೆ ಅಪಕೀರ್ತಿ ಅವರೊಬ್ಬರದಾಗುತ್ತಿತ್ತು. ಮುಂದೆ ವಿಶ್ವ ಆರೋಗ್ಯ ಸಂಸ್ಥೆಯಲ್ಲಿಯೂ ಢಾಕಾದ ಅತಿಸಾರ ಸಂಶೋಧನ ಕೇಂದ್ರದಲ್ಲಿಯೂ ಅವರು ದುಡಿದದ್ದು ಇದೇ ಪೊಟ್ಟಣಕ್ಕಾಗಿ.

ಇನ್ನು ನಮ್ಮ ವಿಷಯ. ಬಿಹಾರ ಮತ್ತು ಕರ್ನಾಟಕದ 253 ಊರುಗಳಲ್ಲಿ, ಎರಡು ಸಾವಿರಕ್ಕೂ ಮಿಕ್ಕ ಖಾಸಗಿ ಚಿಕಿತ್ಸಕರ ನಡುವೆ ನಡೆದ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಭೇದಿಯಾದ ಮಗುವಿಗೆ ಓ.ಆರ್.ಎಸ್. ಪೊಟ್ಟಣವನ್ನು ಅನೇಕರು ಬರೆದುಕೊಡುವುದಿಲ್ಲ. ದಾಸ್ತಾನಿನ ಕೊರತೆ, ಲಾಭದ ಆಸೆ ಇವು ಸಣ್ಣ ಕಾರಣಗಳು; ಮನೆಯವರಿಗೆ ಅದು ಬೇಡವಾಗಿದೆಯೆಂಬ ಚಿಕಿತ್ಸಕರ ಊಹೆಯೇ ಹಿರಿಯ ಕಾರಣ. ಬೇಕೆಂದು ಬಾಯಿಬಿಟ್ಟು ಕೇಳಿದವರಿಗೆ ಹೆಚ್ಚಾಗಿ ಕೊಟ್ಟಿದ್ದಾರೆ. ಅಗ್ಗದ್ದು ಔಷಧವಲ್ಲವೆಂಬ ನಮ್ಮ ಭ್ರಮೆಯನ್ನು ಅವರು ಓದಿಕೊಂಡಿದ್ದಾರೆ, ಅಷ್ಟೆ.

ಆದುದರಿಂದ ಪ್ರತಿಮೆಯನ್ನಾಗಲಿ ರಸ್ತೆಗೊಂದು ಹೆಸರನ್ನಾಗಲಿ ನಾನು ಕೇಳುವುದಿಲ್ಲ. ನಮ್ಮ ಶಾಲೆಗಳ ಕನ್ನಡ ಪಠ್ಯದಲ್ಲಿ ಬನಗಾಂವಿನ ಕಥೆ ಒಂದು ಪಾಠವಾಗಲಿ. ಪೊಟ್ಟಣವನ್ನು ಎಷ್ಟು ನೀರಿಗೆ ಬೆರೆಸಬೇಕೆಂಬುದು ಅದರ ಅಭ್ಯಾಸದ ಮೊದಲನೆಯ ಪ್ರಶ್ನೆಯಾಗಲಿ. ಮಕ್ಕಳು ಮನೆಗೆ ಹೋಗಿ ಹೇಳಿಯಾರು. ತಾಯಂದಿರು ವೈದ್ಯರನ್ನು ಕೇಳಿಯಾರು.