ಹೆಸರಿನ ಅಕ್ಷರವೂ ಸರಕಾರದ ಮುದ್ರೆಯೂ

ನಮ್ಮ ಹೈಸ್ಕೂಲಿನಲ್ಲಿ ಕಲಿತ ಬಾಲಕಿಯರು ದಾದಿಯರಾಗಿಯೂ ಉಪಾಧ್ಯಾಯಿನಿಯರಾಗಿಯೂ ಉಚ್ಚ ವಿದ್ಯೆಯನ್ನರಸುವವರಾಗಿಯೂ ಸಮುದ್ರದಾಚೆಯ ದೇಶಗಳಿಗೆ ಹೋಗುತ್ತಿರುವದು ಸಂತೋಷದ ಸಂಗತಿಯೇ ಸರಿ. ಆದರೆ ಹಾಗೆ ಹೊರಟವರಲ್ಲಿ ಕೆಲವರು ವರ್ಷವರ್ಷವೂ ಬಾಡಿದ ಮುಖದಿಂದ ಶಾಲೆಯ ಕಚೇರಿಗೆ ಹಿಂದಿರುಗಿ ಬರುವದುಂಟು. ಅವರ ವಿದ್ಯೆಯಲ್ಲಿ ಕೊರತೆಯಿಲ್ಲ. ಕೊರತೆಯಿರುವದು ಅವರ ಪತ್ರಗಳಲ್ಲಿ. ಈ ವಿಷಯವಾಗಿ ಹೆತ್ತವರಿಗೂ ವಿದ್ಯಾರ್ಥಿನಿಯರಿಗೂ ನಾಲ್ಕು ಮಾತುಗಳನ್ನು ಅರಿಕೆ ಮಾಡುವದು ನನ್ನ ಕರ್ತವ್ಯವೆಂದೆಣಿಸುತ್ತೇನೆ.

ಒಂದು ದೇಶದ ಅಧಿಕಾರಿಯ ರುಜುವನ್ನು ಇನ್ನೊಂದು ದೇಶದವರು ಗುರುತಿಸುವದು ಹೇಗೆ? ಪೂರ್ವದಲ್ಲಿ ಕೆಳಗಿನವನ ರುಜುವಿಗೆ ಮೇಲಿನವನು, ಅವನ ರುಜುವಿಗೆ ಮತ್ತೂ ಮೇಲಿನವನು ಸಾಕ್ಷಿಯಾಗಿ, ಕಟ್ಟಕಡೆಗೆ ಪರದೇಶದ ರಾಯಭಾರ ಕಚೇರಿಯು ಮುದ್ರೆಯೊತ್ತಬೇಕಾಗಿತ್ತು. ಈ ತೊಡಕನ್ನು ಕಡಿಮೆ ಮಾಡುವದಕ್ಕಾಗಿ ಹೇಗ್ ನಗರದಲ್ಲಿ 1961ನೆಯ ಅಕ್ಟೋಬರ 5ರಂದು ಒಂದು ಒಪ್ಪಂದವಾಯಿತು. ಅದರಂತೆ ಕೊಡುವ ಪ್ರಮಾಣಕ್ಕೆ ಅಪಾಸ್ಟಿಲ್ ಎಂದು ಹೆಸರು. ಭಾರತದಲ್ಲಿ ಈ ಒಪ್ಪಂದವು 2005ನೆಯ ಜುಲೈ 14ರಿಂದ ಜಾರಿಯಲ್ಲಿದೆ. ಸೌದಿ ಅರೇಬಿಯವು 2022ರಲ್ಲಿಯೂ ಕೆನಡವು 2024ರಲ್ಲಿಯೂ ಇದಕ್ಕೆ ಒಳಪಟ್ಟವು. ಒಪ್ಪಂದಕ್ಕೆ ಸೇರದ ದೇಶಗಳಿಗೆ ಹೋಗುವವರಿಗಾದರೋ ರಾಯಭಾರ ಕಚೇರಿಯ ಮುದ್ರೆಯು ತಪ್ಪಿದ್ದಲ್ಲ.

ನಮ್ಮ ರಾಜ್ಯದ ಪರೀಕ್ಷಾ ಪತ್ರಗಳನ್ನು ಮೊದಲು ರಾಜ್ಯದ ಶಿಕ್ಷಣ ಇಲಾಖೆಯವರು ಪರಿಶೀಲಿಸಬೇಕು. ಜನನ, ವಿವಾಹ ಮೊದಲಾದ ಪತ್ರಗಳಿಗೆ ಗೃಹ ಇಲಾಖೆಯಂಥ ನಿಯುಕ್ತ ಅಧಿಕಾರಿಗಳುಂಟು. ಆ ಬಳಿಕವೇ ಕೇಂದ್ರ ಸರಕಾರದ ವಿದೇಶಾಂಗ ಮಂತ್ರಾಲಯದ ಸರದಿ. 2012ನೆಯ ಜುಲೈಯಿಂದ ಆ ಮಂತ್ರಾಲಯವು ಪತ್ರಗಳನ್ನು ಜನರಿಂದ ನೇರವಾಗಿ ತೆಗೆದುಕೊಳ್ಳದೆ, ತಾನು ನೇಮಿಸಿದ ಸಂಸ್ಥೆಗಳ ಮೂಲಕವೇ ಸ್ವೀಕರಿಸುತ್ತದೆ. ಮೆಟ್ಟಲುಗಳನ್ನು ಹಾರಿ ಹೋಗುವದಕ್ಕೆ ಆಸ್ಪದವಿಲ್ಲ.

ಇಷ್ಟೆಲ್ಲ ಆದ ಮೇಲೆ ದೊರೆಯುವ ಮುದ್ರೆಯು ಹೇಳುವದೇನು? ಈ ರುಜುವು ನಿಜವಾದದ್ದು, ಹಾಕಿದವನಿಗೆ ಆ ಅಧಿಕಾರವಿತ್ತು, ಈ ಮೊಹರು ಆ ಕಚೇರಿಯದ್ದು — ಇಷ್ಟೇ. ಪತ್ರದೊಳಗೆ ಬರೆದ ಸಂಗತಿಯು ಸರಿಯೋ ತಪ್ಪೋ ಎಂಬದಕ್ಕೆ ಅದು ಜವಾಬ್ದಾರಿಯಲ್ಲ. ನಮ್ಮ ಜನರು ಬಹಳವಾಗಿ ತಪ್ಪು ತಿಳಿಯುವದು ಇಲ್ಲಿಯೇ. ದೊಡ್ಡ ಮುದ್ರೆ ಬಿದ್ದರೆ ಸಣ್ಣ ತಪ್ಪು ಮುಚ್ಚಿಹೋಗುವದೆಂದು ಅವರು ನಂಬುತ್ತಾರೆ. ಹಾಗಲ್ಲ, ತಪ್ಪಿದ ಹೆಸರು ಮುದ್ರೆಯೊಡನೆಯೇ ಸಮುದ್ರವನ್ನು ದಾಟಿ ಅಲ್ಲಿ ಎದುರು ನಿಲ್ಲುತ್ತದೆ.

ದೃಷ್ಟಾಂತಕ್ಕೆ ಒಬ್ಬ ಬಾಲಕಿಯನ್ನು ಎಣಿಸಿಕೊಳ್ಳಿರಿ. ಸಭೆಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಅವಳು ಗ್ರೇಸ್ ಸುಗುಣಾವತಿ. ಶಾಲೆಯ ದಾಖಲೆಯಲ್ಲಿ ಪಿ. ಜಿ. ಸುಗುಣಾ; ಪಾಸ್‌ಪೋರ್ಟಿನಲ್ಲಿ ತಂದೆಯ ಪೂರ್ಣ ಹೆಸರನ್ನು ಕುಲನಾಮವಾಗಿ ಹೊತ್ತ ಮೂರನೆಯವಳು. ಊರಿನಲ್ಲಿ ಈ ಮೂವರೂ ಒಬ್ಬಳೇ ಎಂದು ಎಲ್ಲರೂ ಬಲ್ಲರು. ನಮ್ಮ ಇನಿಶಿಯಲ್ ಪದ್ಧತಿಯನ್ನರಿಯದ ದೂರದೇಶದ ಆಸ್ಪತ್ರೆಯವರಿಗೆ ಅವರು ಮೂವರು ಬೇರೆ ಬೇರೆ ಹೆಂಗಸರು. ನಾಲ್ಕು ವರ್ಷ ಕಷ್ಟಪಟ್ಟು ಕಲಿತ ದಾದಿಯ ಕೆಲಸವು ಒಂದಕ್ಷರಕ್ಕಾಗಿ ತಡೆದು ನಿಂತರೆ, ಸಾಲ ಮಾಡಿ ಓದಿಸಿದ ತಾಯ್ತಂದೆಗಳ ಗತಿಯೇನು?

ಆದುದರಿಂದ ಈ ಕಾರ್ಯವು ವಿಮಾನದ ಟಿಕೇಟನ್ನು ಕೊಳ್ಳುವಾಗ ಅಲ್ಲ, ಶಾಲೆಯಲ್ಲಿರುವಾಗಲೇ ಆಗತಕ್ಕದ್ದೆಂದು ನನ್ನ ದೃಢವಾದ ಅಭಿಪ್ರಾಯ. ಪಾಠ ಹೇಳುವದು ಶಾಲೆಯ ಕೆಲಸ, ಹೆಸರು ಬರೆಯುವದು ಗುಮಾಸ್ತನ ಕೆಲಸವೆಂದು ಕೆಲವರು ಹೇಳಬಹುದು. ಆದರೆ ಹತ್ತನೆಯ ತರಗತಿಯ ನಾಮಿನಲ್ ರೋಲ್ ಪರೀಕ್ಷಾ ಮಂಡಲಿಗೆ ಹೋಗುವದು ಶಾಲೆಯಿಂದಲೇ. ಅಂಕಪಟ್ಟಿಯಲ್ಲಿ ಅಚ್ಚಾಗುವದು ಅದರಲ್ಲಿದ್ದ ಹೆಸರೇ. ಅಚ್ಚಾದ ಮೇಲೆ ತಿದ್ದಿಸಲು ಎಷ್ಟೋ ಅಲೆಯಬೇಕು. ಮೊದಲೇ ತಿದ್ದಲು ಒಂದು ಗಳಿಗೆ ಸಾಕು. ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಜನನ ಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಆ ಪಟ್ಟಿಯನ್ನು ಸ್ವಂತ ಕಣ್ಣಿನಿಂದ ಅಕ್ಷರ ಅಕ್ಷರವಾಗಿ ಓದಿ ರುಜು ಹಾಕಬೇಕು. ಹೆಸರಿಲ್ಲದೆ ನೋಂದಣಿಯಾದ ಜನನಕ್ಕೆ ಹೆಸರನ್ನು ಸೇರಿಸಲು ನಿಯಮವು 15 ವರ್ಷದ ಅವಧಿಯನ್ನು ಕೊಡುತ್ತದೆ. ಆ ಅವಧಿಯು ಮುಗಿಯುವದು ಬಾಲಕಿಯು ಹೈಸ್ಕೂಲಿನಲ್ಲಿರುವಾಗಲೇ ಎಂಬದನ್ನು ಹೆತ್ತವರು ಮರೆಯಬಾರದು.

ಇನ್ನೆರಡು ಎಚ್ಚರಿಕೆಗಳು. ಅಂಕಪಟ್ಟಿಯು ಕೆಡಬಾರದೆಂಬ ಪ್ರೀತಿಯಿಂದ ಲ್ಯಾಮಿನೇಶನ್ ಮಾಡಿಸಬೇಡಿರಿ. ಪ್ರಮಾಣದ ಮುದ್ರೆಯು ಬೀಳುವದು ಕಾಗದದ ಬೆನ್ನಿನ ಮೇಲೆ, ಪ್ಲಾಸ್ಟಿಕ್ಕಿನ ಮೇಲಲ್ಲ. ಮೂಲ ಪತ್ರಗಳನ್ನು ಯಾರೋ ದಲ್ಲಾಳಿಯ ಕೈಯಲ್ಲಿ ರಸೀತಿಯಿಲ್ಲದೆ ಒಪ್ಪಿಸಬೇಡಿರಿ. ಹೆಣ್ಣುಮಗಳಿಗೆ ಕಚೇರಿಯ ವ್ಯವಹಾರವೇಕೆಂದು ಅಣ್ಣನೋ ಮಾವನೋ ಎಲ್ಲವನ್ನೂ ನಡಿಸುವ ರೂಢಿ ನಮ್ಮಲ್ಲಿ ಇನ್ನೂ ಉಂಟು. ಪರದೇಶದಲ್ಲಿ ಅಧಿಕಾರಿಯ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಅವಳೊಬ್ಬಳೇ. ತನ್ನ ಪತ್ರದಲ್ಲಿ ಏನಿದೆ, ಅದರ ಮೇಲೆ ಯಾರ ಮುದ್ರೆಯಿದೆ ಎಂಬದನ್ನು ಅರಿಯದವಳು ಅಲ್ಲಿ ಪರಾಧೀನಳೇ ಆಗುವಳು.

ಮಗಳ ಒಡವೆಯನ್ನು ತೂಗಿ ನೋಡಿ ಪೆಟ್ಟಿಗೆಯಲ್ಲಿಡುವ ತಾಯಂದಿರು ಅವಳ ಪತ್ರಗಳನ್ನೂ ಓದಿ ನೋಡಿ ಅದೇ ಪೆಟ್ಟಿಗೆಯಲ್ಲಿಡಲಿ. ಬೀಗದ ಕೈಯನ್ನು ಮಾತ್ರ ಮಗಳ ಕೈಯಲ್ಲಿ ಕೊಡಲಿ.