ಪತ್ರಿಕೆಯವರು ಮನೆಗೆ ಬರುವಾಗ

ಕಳೆದ ಬೇಸಗೆಯಲ್ಲಿ ಬೆಳ್ತಂಗಡಿ ಸಮೀಪದ ಹಳ್ಳಿಯಿಂದ ಪರಿಚಿತ ಗೃಹಿಣಿಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಹಲಸಿನ ಹಪ್ಪಳ ಮಾಡಿ ಮಾರುವುದು ಅವರ ಕಸುಬು. ಮನೆಯ ಅಂಗಳ, ಕೆಲಸಕ್ಕೆ ನಾಲ್ವರು ಹೆಂಗಸರು, ಒಂದಿಷ್ಟು ಚಾಪೆಗಳು. ಇಷ್ಟೇ ಅವರ ಕಾರ್ಖಾನೆ. ಅಂದು ಅವರ ಮುಖದಲ್ಲಿ ಹರ್ಷಕ್ಕಿಂತ ಗಾಬರಿಯೇ ಹೆಚ್ಚಾಗಿತ್ತು.

“ಮಾಸ್ಟ್ರೇ, ನಾಡಿದ್ದು ಪೇಪರಿನವರು ಬರ್ತಾರಂತೆ. ನಾನೇನು ಹೇಳುವುದು? ನೀವೇ ನಾಲ್ಕು ಮಾತು ಬರೆದುಕೊಡಿ, ಬಾಯಿಪಾಠ ಮಾಡ್ತೇನೆ” ಎಂದರು.

ಬರೆದುಕೊಡಲು ನಾವು ಒಪ್ಪಲಿಲ್ಲ. ಬಾಯಿಪಾಠದ ಮಾತು ಮೊದಲನೆಯ ಅಡ್ಡಪ್ರಶ್ನೆಗೇ ಮರೆತುಹೋಗುತ್ತದೆ. ಆದರೆ ಅವರ ಗಾಬರಿ ಅಕಾರಣವಾದುದಲ್ಲ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗರಿಂದ ಹೊರಬಂದದ್ದು ಇದೇ ಸೀಮೆಯಲ್ಲಿ. 1976ರಲ್ಲಿ ಮಂಗಳೂರಿಗೆ ಆಕಾಶವಾಣಿ ಬಂತು. ಇಂದು ಫೋನಿನ ಕ್ಯಾಮೆರಾ ಅಂಗಳಕ್ಕೇ ಬರುತ್ತಿದೆ. ಅಚ್ಚಾದ ಮಾತನ್ನು ನಂಬುವುದು ನಮ್ಮ ಜನರ ಹಳೆಯ ಅಭ್ಯಾಸ. ಉಜಿರೆಯಲ್ಲಿ 1982ರಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಯಂಥವು ಸ್ವಂತ ಉದ್ಯೋಗಕ್ಕೆ ತರಬೇತಿ ಕೊಡುತ್ತ ಬಂದಿವೆ. ಆ ಉದ್ಯೋಗದ ಕುರಿತು ನಾಲ್ಕು ಜನರೆದುರು ಮಾತನಾಡುವುದನ್ನು ಮಾತ್ರ ಬಹುಮಟ್ಟಿಗೆ ನಾವೇ ಕಲಿಯಬೇಕಾಗಿದೆ.

ಮೊದಲು ಲೆಕ್ಕದ ಪುಸ್ತಕ ತೆರೆಯಿರಿ ಎಂದೆವು. “ವರ್ಷಕ್ಕೆ ಎಷ್ಟು ಹಪ್ಪಳ?” ಎಂದು ಕೇಳಿದಾಗ “ಲೆಕ್ಕವೇ ಇಲ್ಲ” ಎನ್ನಬಾರದು. ದಿನಕ್ಕೆ ನೂರರ ಹನ್ನೆರಡು ಕಟ್ಟು, ಬಿಸಿಲಿರುವ ಎಪ್ಪತ್ತೈದು ದಿನ. ಒಟ್ಟು 900 ಕಟ್ಟು. ಇದಕ್ಕಿಂತ ಹೆಚ್ಚು ಹೇಳಿದರೆ ಮುಂಬಯಿಯಿಂದ ಎರಡು ಸಾವಿರ ಕಟ್ಟಿಗೆ ಬೇಡಿಕೆ ಬಂದೀತು. ಆಗ ಮಳೆಗಾಲದ ಆಕಾಶವನ್ನು ನೋಡುತ್ತ ಕೂರಬೇಕಾದೀತು.

ಎರಡನೆಯದು, ಗುಣಗಾನದ ಮಿತಿ. “ಹಲಸು ತಿಂದರೆ ಸಕ್ಕರೆ ಕಾಯಿಲೆ ವಾಸಿ ಅಂತ ಹೇಳ್ಲಾ?” ಎಂದು ಅವರು ಕೇಳಿದರು. ಖಂಡಿತ ಕೂಡದು. ಅದನ್ನು ನಂಬಿ ಯಾರಾದರೂ ಔಷಧ ಬಿಟ್ಟರೆ ಹೊಣೆ ಯಾರು? ಅಲ್ಲದೆ, ಆ ವರದಿಯನ್ನು ಕತ್ತರಿಸಿ ಪೊಟ್ಟಣಕ್ಕೆ ಅಂಟಿಸಿದರೆ ಸುದ್ದಿಯೇ ಜಾಹೀರಾತಾಗುತ್ತದೆ. ದಾರಿತಪ್ಪಿಸುವ ಜಾಹೀರಾತಿಗೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ದಂಡವುಂಟು.

ಮೂರನೆಯದು, ನೆರೆಯವರ ಮಾತು. ಬಂಟ್ವಾಳದ ಗಾಣದವರಾಗಲಿ, ಮೂಡಬಿದಿರೆಯ ಬೇಕರಿಯವರಾಗಲಿ, ತಮ್ಮ ಎಣ್ಣೆ, ತಮ್ಮ ರೊಟ್ಟಿಯ ಕುರಿತು ಎಷ್ಟು ಬೇಕಾದರೂ ಹೇಳಲಿ. ಎದುರಂಗಡಿಯದು ಕಲಬೆರಕೆಯೆಂದು ಹೇಳುವುದು ಬೇಡ. ವಾರದ ಸಂತೆಯಲ್ಲಿ ಮತ್ತೆ ಮುಖ ನೋಡಬೇಕಾದವರು ನಾವೇ.

ಪತ್ರಕರ್ತರಿಗೂ ಮರ್ಯಾದೆಯ ಕಟ್ಟುಗಳಿವೆ. 1966ರಲ್ಲಿ ಮೊದಲಿಗೆ ಸ್ಥಾಪಿತವಾದ ಭಾರತೀಯ ಪತ್ರಿಕಾ ಮಂಡಳಿಯ ನಿಯಮಗಳಂತೆ ಜಾಹೀರಾತನ್ನು ಸುದ್ದಿಯ ವೇಷದಲ್ಲಿ ಅಚ್ಚುಮಾಡಬಾರದು. ಬಲವಾದ ಕಾರಣವಿಲ್ಲದೆ ಒಬ್ಬರ ಮಾತನ್ನು ಅವರಿಗೆ ತಿಳಿಯದಂತೆ ಧ್ವನಿಮುದ್ರಿಸಬಾರದು. ತಪ್ಪು ಅಚ್ಚಾದರೆ ಬೇಗನೆ ತಿದ್ದುಪಡಿ ಪ್ರಕಟಿಸಬೇಕು. ಆದ್ದರಿಂದ “ಇದು ಸುದ್ದಿಯೋ, ಹಣ ಕೊಟ್ಟು ಹಾಕಿಸುವ ಲೇಖನವೋ?” ಎಂದು ಮೊದಲೇ ವಿಚಾರಿಸುವುದರಲ್ಲಿ ಅವಿನಯವೇನೂ ಇಲ್ಲ. ಆದರೆ ಹೇಳಬಾರದ ಗುಟ್ಟನ್ನು ಹೇಳಿ “ಇದನ್ನು ಬರೆಯಬೇಡಿ” ಎನ್ನುವುದಕ್ಕಿಂತ ಹೇಳದಿರುವುದೇ ಲೇಸು.

ಎದ್ದು ಹೊರಡುವಾಗ ಅವರು ಹೊಸ್ತಿಲಲ್ಲಿ ನಿಂತರು.

“ಎರಡು ವರ್ಷದ ಹಿಂದೆ ಅಕಾಲ ಮಳೆಗೆ ಹಪ್ಪಳಕ್ಕೆ ಬೂಸ್ಟು ಬಂದಿತ್ತು ಮಾಸ್ಟ್ರೇ. ಮೂವತ್ತು ಕಟ್ಟು ಮಾರಿಯೂ ಆಗಿತ್ತು. ಅದನ್ನು ಕೇಳಿದರೆ?”

“ಆಗ ನೀವೇನು ಮಾಡಿದಿರಿ?”

“ಮನೆಮನೆಗೆ ಹೋಗಿ ಹಣ ವಾಪಸು ಕೊಟ್ಟೆ. ಆ ವರ್ಷ ಲಾಭವೇ ಇರಲಿಲ್ಲ.”

“ಹಾಗಾದರೆ ಅವರು ಕೇಳದಿದ್ದರೂ ಅದನ್ನು ಹೇಳಿ ಅಕ್ಕ” ಎಂದೆವು. ಅವರಿಗೆ ನಂಬಿಕೆಯಾದಂತೆ ಕಾಣಲಿಲ್ಲ.

ವರದಿ ಬಂದದ್ದು ಒಳಪುಟದಲ್ಲಿ, ಹತ್ತೇ ಸಾಲು. ಬಿಸಿಲಿನ ದಿನಗಳ ಲೆಕ್ಕ ಅದರಲ್ಲಿತ್ತು; ಬೂಸ್ಟಿನ ಸಂಗತಿಯೂ ಇತ್ತು. ಊರಿನ ಹೆಸರು ಮಾತ್ರ ತಪ್ಪಾಗಿತ್ತು; ವಿನಯದಿಂದ ತಿಳಿಸಿದ ಮೇಲೆ ಮರುವಾರ ತಿದ್ದುಪಡಿಯಾಯಿತು. ಅದನ್ನು ಓದಿ ಬಂದ ಅಪರಿಚಿತರೊಬ್ಬರು, “ಹಣ ಹಿಂದೆ ಕೊಟ್ಟವರ ಮನೆ ಇದೇ ಅಲ್ಲವೇ?” ಎಂದು ಕೇಳಿ ಐದು ಕಟ್ಟು ಕೊಂಡರಂತೆ.

ಸಂದರ್ಶನಕ್ಕೆ ಸಿದ್ಧತೆಯೆಂದರೆ ಹೊಸ ಮಾತು ಹುಡುಕುವುದಲ್ಲ. ನಾವು ನಡೆದ ಹಾದಿಯನ್ನು ಒಮ್ಮೆ ಲೆಕ್ಕಹಾಕಿ ನೋಡುವುದು. ಆ ಲೆಕ್ಕ ಸರಿಯಿದ್ದರೆ ಪ್ರಶ್ನೆ ಯಾವುದಾದರೇನು?