ಎರಡು ಪಗಾರ ತಪ್ಪಲ್ಲ, ಮುಚ್ಚಿಡುವುದು ತಪ್ಪು

ಕ್ಯಾಂಪಸ್ ಸಂದರ್ಶನದ ದಿನಗಳು ಹತ್ತಿರ ಬಂದಂತೆ, ಪ್ಯಾಕೇಜ್ ಬಿಟ್ಟರೆ ನಮ್ಮ ತರಗತಿಯಲ್ಲಿ ಹೆಚ್ಚು ಚರ್ಚೆಯಾಗುವ ವಿಷಯ ‘ಮೂನ್‌ಲೈಟಿಂಗ್’. ಅಂದರೆ ಒಂದು ಕಂಪನಿಯಲ್ಲಿ ನೌಕರಿಯಲ್ಲಿದ್ದುಕೊಂಡೇ ಬಿಡುವಿನ ವೇಳೆಯಲ್ಲಿ ಇನ್ನೊಂದು ಕಡೆ ದುಡಿಯುವುದು. ‘ಎರಡ ಪಗಾರ ಬರ್ತಾವಂದ್ರ ಯಾಕ ಬಿಡಬೇಕು?’ ಎನ್ನುವುದು ಬಹಳಷ್ಟು ಗೆಳೆಯರ ವಾದ. ‘ಅದು ಮೋಸ’ ಎನ್ನುವವರೂ ಇದ್ದಾರೆ. ಇಬ್ಬರೂ ಮುಖ್ಯವಾದ ಒಂದು ಮಾತನ್ನು ಬಿಟ್ಟಿದ್ದಾರೆ ಎಂಬುದು ನನ್ನ ಅನಿಸಿಕೆ.

ಈ ಚರ್ಚೆ ಜೋರಾಗಿದ್ದು 2022ರಲ್ಲಿ. ಆ ವರ್ಷದ ಆಗಸ್ಟ್‌ನಲ್ಲಿ ವಿಪ್ರೊ ಅಧ್ಯಕ್ಷ ರಿಷದ್ ಪ್ರೇಮ್‌ಜಿ ಮೂನ್‌ಲೈಟಿಂಗ್ ಅನ್ನು ನೇರವಾಗಿ ಮೋಸ ಎಂದು ಕರೆದರು. ಸೆಪ್ಟೆಂಬರ್‌ನಲ್ಲಿ, ಪ್ರತಿಸ್ಪರ್ಧಿ ಕಂಪನಿಗಳಿಗೂ ಕೆಲಸ ಮಾಡುತ್ತಿದ್ದ 300 ನೌಕರರನ್ನು ತೆಗೆದುಹಾಕಿದ್ದಾಗಿ ಹೇಳಿದರು. ಇನ್ಫೊಸಿಸ್ ಕೂಡ ಅದೇ ತಿಂಗಳು ನೌಕರರಿಗೆ ಎಚ್ಚರಿಕೆಯ ಇಮೇಲ್ ಕಳಿಸಿತು. ಆದರೆ ಬೆಂಗಳೂರಿನದೇ ಸ್ವಿಗ್ಗಿ, ಕಚೇರಿ ಸಮಯದ ಆಚೆಗೆ ಹೊರಗಿನ ಕೆಲಸ ಮಾಡಲು ಆಗಸ್ಟ್‌ನಲ್ಲೇ ಷರತ್ತಿನ ಒಪ್ಪಿಗೆ ಕೊಟ್ಟಿತ್ತು. ಅಕ್ಟೋಬರ್ ಹೊತ್ತಿಗೆ ಇನ್ಫೊಸಿಸ್ ಸಹ ಮೆತ್ತಗಾಯಿತು. ಮ್ಯಾನೇಜರ್ ಮತ್ತು ಎಚ್‌ಆರ್ ಅನುಮತಿ ಪಡೆದು, ಕಂಪನಿಗೆ ಅಥವಾ ಅದರ ಗ್ರಾಹಕರಿಗೆ ಪೈಪೋಟಿಯಾಗದ ಹೊರಗಿನ ಕೆಲಸ ಮಾಡಬಹುದು ಎಂದಿತು. ಒಂದೇ ಊರಿನ ಕಂಪನಿಗಳು ಒಂದೇ ವಿಷಯಕ್ಕೆ ಇಷ್ಟು ಬೇರೆ ಬೇರೆಯಾಗಿ ಸ್ಪಂದಿಸಿದವು. ಹಾಗಾದರೆ ತಪ್ಪು ನಿಜವಾಗಿ ಇರುವುದೆಲ್ಲಿ?

ನಮ್ಮ ರಾಮದುರ್ಗ ನೇಕಾರರ ಊರು. ಮಾಲೀಕರಿಂದ ನೂಲು ತಂದು, ಮನೆಯ ಮಗ್ಗದಲ್ಲಿ ನೇಯ್ದು, ಕೂಲಿ ಪಡೆಯುವ ಪದ್ಧತಿ ಇಂಥ ಊರುಗಳಿಗೆ ಹೊಸದಲ್ಲ. ಒಬ್ಬ ನೇಕಾರ ಇಬ್ಬರು ಮಾಲೀಕರಿಗೆ ಸೀರೆ ನೇಯ್ದರೆ ಯಾರೂ ಅವನನ್ನು ಕಳ್ಳ ಎನ್ನುವುದಿಲ್ಲ. ಆದರೆ ಒಬ್ಬರು ನಂಬಿ ಕೊಟ್ಟ ನೂಲನ್ನು ಇನ್ನೊಬ್ಬರ ಸೀರೆಗೆ ಹಾಕಿದರೆ? ಅದು ದ್ರೋಹ. ಸಾಫ್ಟ್‌ವೇರ್ ನೌಕರಿಯಲ್ಲಿ ನೂಲು ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ. ಕಂಪನಿಯ ಕೋಡ್, ಗ್ರಾಹಕರ ಮಾಹಿತಿ, ಲ್ಯಾಪ್‌ಟಾಪ್, ಪಗಾರ ಕೊಟ್ಟು ಪಡೆದ ಸಮಯ, ಇವೇ ಅಲ್ಲಿನ ನೂಲು.

ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. 1872ರ ಭಾರತೀಯ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರ ವೃತ್ತಿಗೆ ಅಡ್ಡಿಪಡಿಸುವ ಕರಾರು ಸಾಮಾನ್ಯವಾಗಿ ಅನೂರ್ಜಿತ. ಆದರೆ ಸೇವೆಯಲ್ಲಿ ಇರುವಷ್ಟು ಅವಧಿಗೆ ಹಾಕುವ ನಿರ್ಬಂಧ ಬೇರೆ ಎಂದು 1967ರಲ್ಲಿ ಸೆಂಚುರಿ ಸ್ಪಿನ್ನಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕಂಪನಿಯ ನಿರ್ದೇಶಕರಿಗಂತೂ 2013ರ ಕಂಪನಿ ಕಾಯ್ದೆಯ 166ನೇ ಸೆಕ್ಷನ್, ಕಂಪನಿಯ ಹಿತಕ್ಕೆ ವಿರುದ್ಧವಾದ ಸ್ವಂತ ಹಿತದಲ್ಲಿ ಸಿಲುಕಬಾರದು ಎಂಬ ಹೊಣೆ ಹೊರಿಸಿದೆ. 184ನೇ ಸೆಕ್ಷನ್ ಪ್ರಕಾರ ಅವರು ಬೇರೆ ಕಡೆ ತಮಗಿರುವ ಆಸಕ್ತಿಯನ್ನು ಮಂಡಳಿಯ ಮುಂದೆ ಬಹಿರಂಗಪಡಿಸಬೇಕು. ಹೊಸದಾಗಿ ಸೇರುವ ನಮ್ಮಂಥವರ ಹೊಣೆ ಅಷ್ಟು ದೊಡ್ಡದಲ್ಲ. ಅದು ಬಹುಪಾಲು ನಾವು ಸಹಿ ಹಾಕುವ ಆಫರ್ ಲೆಟರ್‌ನಲ್ಲಿರುತ್ತದೆ. ಆದರೆ ಅದನ್ನು ಪೂರ್ತಿ ಓದುವವರು ನಮ್ಮಲ್ಲಿ ಎಷ್ಟು ಜನ?

‘ಹಿತಾಸಕ್ತಿ ಸಂಘರ್ಷ’ ಎಂದ ತಕ್ಷಣ ಅಪರಾಧ ಎಂದುಕೊಳ್ಳಬೇಕಿಲ್ಲ. ಅದು ಒಂದು ಪರಿಸ್ಥಿತಿ. ಕಚೇರಿಗೆ ಸಾಮಾನು ಖರೀದಿಸುವವನ ಭಾವನದೇ ಅಂಗಡಿ ಇರಬಹುದು. ‘ಅದು ನಮ್ಮ ಭಾವನ ಅಂಗಡಿ, ಬೇರೆಯವರು ನಿರ್ಧರಿಸಲಿ’ ಎಂದು ಮೊದಲೇ ಹೇಳಿದರೆ ಮಾತು ಅಲ್ಲಿಗೆ ಮುಗಿಯಿತು. ಹೇಳದೆ ಬಿಲ್ಲಿಗೆ ಸಹಿ ಹಾಕಿದರೆ, ದರ ಸರಿಯಿದ್ದರೂ ಅನುಮಾನ ಉಳಿಯುತ್ತದೆ.

ನಮಗೆಲ್ಲ ಪ್ರಿಯರಾದ ರಾಹುಲ್ ದ್ರಾವಿಡ್ ಅವರಿಗೂ ಈ ಪ್ರಶ್ನೆ ಎದುರಾಗಿತ್ತು. ಅವರು ಭಾರತ ‘ಎ’ ಮತ್ತು 19 ವರ್ಷದೊಳಗಿನವರ ತಂಡಗಳಿಗೆ ಕೋಚ್ ಆಗಿದ್ದುಕೊಂಡು ಐಪಿಎಲ್‌ನಲ್ಲಿ ಡೆಲ್ಲಿ ತಂಡದ ಮಾರ್ಗದರ್ಶಕರೂ ಆಗಿದ್ದರು. 2017ರಲ್ಲಿ ಬಿಸಿಸಿಐ ಆಡಳಿತ ಸಮಿತಿಗೆ ರಾಜೀನಾಮೆ ಕೊಟ್ಟ ಇತಿಹಾಸಕಾರ ರಾಮಚಂದ್ರ ಗುಹಾ ತಮ್ಮ ಪತ್ರದಲ್ಲಿ ಇಂಥ ಸಂಘರ್ಷಗಳನ್ನು ಪ್ರಶ್ನಿಸಿದರು. ದ್ರಾವಿಡ್ ನಿಯಮ ಮುರಿದಿರಲಿಲ್ಲ. ಆದರೂ ಅದೇ ತಿಂಗಳು ಡೆಲ್ಲಿ ತಂಡವನ್ನು ಬಿಟ್ಟು, ಕಿರಿಯರ ತಂಡಗಳಿಗೆ ಪೂರ್ಣಾವಧಿ ಕೋಚ್ ಆದರು. 2019ರಲ್ಲಿ ಇಂಡಿಯಾ ಸಿಮೆಂಟ್ಸ್ ನೌಕರಿಯ ವಿಷಯವಾಗಿ ದೂರು ಬಂದಾಗಲೂ ಉತ್ತರ ಕೊಟ್ಟರು. ಅಲ್ಲಿಂದ ರಜೆ ಪಡೆದೇ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಗೆ ಬಂದಿದ್ದರು. ದೂರು ವಜಾ ಆಯಿತು. ಎಲ್ಲವೂ ಬಹಿರಂಗವಾಗಿದ್ದರೆ ಉತ್ತರ ಕೊಡುವುದು ಸುಲಭ.

ಹಾಗೆಂದು ನಿಷ್ಠೆ ಒಮ್ಮುಖವಾಗಿರಬಾರದು. ವರ್ಷಕ್ಕೆ 6.5 ಲಕ್ಷ ರೂಪಾಯಿ ಎಂದು ಆಫರ್ ಪಡೆದು ಕಾಯುತ್ತಿದ್ದ ಹೊಸಬರನ್ನು, 3.5 ಲಕ್ಷಕ್ಕೆ ಸೇರುತ್ತೀರಾ ಎಂದು 2023ರ ಫೆಬ್ರುವರಿಯಲ್ಲಿ ಇದೇ ವಿಪ್ರೊ ಕೇಳಿತು. ಕೊಟ್ಟ ಮಾತನ್ನು ಕಂಪನಿ ಬದಲಿಸಿದರೆ ‘ವ್ಯಾವಹಾರಿಕ ಅನಿವಾರ್ಯ’, ನೌಕರ ಬದಲಿಸಿದರೆ ‘ಮೋಸ’ ಎಂದರೆ ಹೇಗೆ? ಊರಲ್ಲಿ ಅಪ್ಪನ ಸಾಲ, ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಎರಡನ್ನೂ ತೂಗಿಸಬೇಕಾದ ಹುಡುಗ ರಾತ್ರಿ ಟ್ಯೂಷನ್ ಹೇಳಿದರೆ, ಮದುವೆಯ ಫೋಟೊ ತೆಗೆದರೆ ಕಂಪನಿಗೆ ಯಾವ ನಷ್ಟವೂ ಇಲ್ಲ. ಅದಕ್ಕೂ ಅಡ್ಡಗಾಲು ಹಾಕುವ ಕಂಪನಿಗಳು ನೌಕರರನ್ನು ಸುಳ್ಳಿನ ಕಡೆಗೆ ತಳ್ಳುತ್ತಿವೆ. ಅನುಮತಿ ಕೇಳಲು ಒಂದು ದಾರಿ ಇದ್ದರೆ ಕೇಳುವವರು ಇದ್ದೇ ಇರುತ್ತಾರೆ.

ಆದರೆ ಕಂಪನಿ ತಪ್ಪಿತು ಎಂಬ ಕಾರಣಕ್ಕೆ ಅದರ ನೂಲನ್ನು ಬೇರೆ ಮಗ್ಗಕ್ಕೆ ಒಯ್ಯುವ ಹಕ್ಕು ನಮಗೆ ಬರುವುದಿಲ್ಲ. ಪ್ರತಿಸ್ಪರ್ಧಿಗೆ ದುಡಿಯಬಾರದು, ಕಂಪನಿಯ ಲ್ಯಾಪ್‌ಟಾಪ್‌ನಲ್ಲಿ ಹೊರಗಿನ ಕೆಲಸ ಮಾಡಬಾರದು, ಅನುಮತಿಯನ್ನು ಲಿಖಿತವಾಗಿ ಪಡೆಯಬೇಕು. ಇಷ್ಟಾದ ಮೇಲೂ ಅನುಮಾನ ಉಳಿದರೆ ನಮ್ಮನ್ನೇ ಕೇಳಿಕೊಳ್ಳಲು ಒಂದು ಪ್ರಶ್ನೆಯಿದೆ: ‘ಈ ಎರಡನೇ ಕೆಲಸದ ಬಗ್ಗೆ ನನ್ನ ಮ್ಯಾನೇಜರ್‌ಗೆ ಇವತ್ತೇ ಒಂದು ಇಮೇಲ್ ಬರೆಯಬಲ್ಲೆನೇ?’ ಬರೆಯಲು ಕೈ ಹಿಂಜರಿದರೆ ಆ ಕೆಲಸವನ್ನು ಒಪ್ಪಿಕೊಳ್ಳದಿರುವುದೇ ಒಳ್ಳೆಯದು.